ಕಪಿಲಾ-ಕಾವೇರೀ ತೀರದಲ್ಲಿ ಡಾಕ್ಟರ್ ಬುಕಾನನ್

ಕಪಿಲೆಯು ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸನ್ನಿಧಿಯನ್ನು ಸೋಕಿ, ಮೂಡಲ ಕಡೆಗೆ ಹರಿದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವಳು. ಈ ಎರಡು ಕ್ಷೇತ್ರಗಳ ನಡುವಣ ನಾಡು ದೇವಾಲಯಗಳಿಂದಲೂ ಮಠಗಳಿಂದಲೂ ಅಗ್ರಹಾರಗಳಿಂದಲೂ ಅನಾದಿಯಾಗಿ ಶೋಭಿಸುತ್ತ ಬಂದಿರುವುದು. ಈ ನಾಡಿನ ಪೂರ್ವವೃತ್ತಾಂತವನ್ನು ತಿಳಿಯಬಯಸುವವರಿಗೆ ಮೂರು ವಿಧವಾದ ಆಧಾರಗಳುಂಟು. ಅರಸರೂ ಮಹಾಜನರೂ ಬರೆಯಿಸಿದ ಶಿಲಾತಾಮ್ರ ಶಾಸನಗಳು ಮೊದಲನೆಯವು. ಮಠಮಾನ್ಯಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಉಳಿದುಬಂದ ಓಲೆಗರಿಯ ಕಟ್ಟುಗಳು ಎರಡನೆಯವು. ಈ ನಾಡನ್ನು ಹಾದುಹೋದ ಪರದೇಶೀಯರು ಬರೆದಿಟ್ಟ ಬರಹಗಳು ಮೂರನೆಯವು. ಮೂರನೆಯ ಬಗೆಯ ಬರಹಗಳಲ್ಲಿ ಮೈಸೂರು ಸೀಮೆಯ ಮಟ್ಟಿಗೆ ಅಗ್ರಗಣ್ಯವಾದುದು ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಎಂಬ ಆಂಗ್ಲ ಕಂಪನಿಯ ವೈದ್ಯನ ಪ್ರವಾಸಗ್ರಂಥ. ರೋಗಿಗಳ ನಾಡಿಯನ್ನು ಹಿಡಿದು ನೋಡಬೇಕಾಗಿದ್ದ ಈತನು ನಾಡಿನ ಬಾಳನ್ನೇ ಪರೀಕ್ಷಿಸಲು ತೊಡಗಿದುದೂ, ಕಂಡುದನ್ನೂ ಕೇಳಿದುದನ್ನೂ ಕೂಡಿಡುತ್ತ ಜೀವಮಾನವನ್ನು ಸವೆಸಿದುದೂ, ಕಡೆಯಲ್ಲಿ ತಾನು ಕೂಡಿಟ್ಟುದರಲ್ಲಿ ಬಹುಭಾಗವನ್ನು ಪರರ ಕೈಗೆ ಬಿಟ್ಟು ಹೋಗಬೇಕಾಗಿ ಬಂದುದೂ ಶ್ರೀಮಠದ ಸದ್ಭಕ್ತರು ಅರಿತುಕೊಳ್ಳತಕ್ಕ ವಿಷಯವಾಗಿದೆ.

ಫ್ರಾನ್ಸಿಸ್ ಬುಕಾನನನು 1762ನೆಯ ಇಸವಿ ಫೆಬ್ರವರಿ 15ರಂದು ಸ್ಕಾಟ್ಲೆಂಡ್ ದೇಶದ ಪರ್ತ್ ಪ್ರಾಂತದಲ್ಲಿ ಹುಟ್ಟಿದನು. ಮನೆತನಕ್ಕೆ ಭೂಮಿಕಾಣಿಯುಂಟು, ಆದರೆ ಹಿರಿಯ ಅಣ್ಣಂದಿರಿದ್ದುದರಿಂದ ಆಸ್ತಿಯು ಈತನಿಗೆ ಬರುವ ಸಂಭವವಿರಲಿಲ್ಲ. ಸ್ವಂತ ದುಡಿಮೆಯಿಂದ ಬದುಕಬೇಕಾದ ಈತನು ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಿ 1783ರಲ್ಲಿ ಡಾಕ್ಟರ್ ಪದವಿಯನ್ನು ಪಡೆದನು. ಆ ಕಾಲದಲ್ಲಿ ಔಷಧಗಳು ಹೆಚ್ಚಾಗಿ ಗಿಡಮೂಲಿಕೆಗಳಿಂದಲೇ ಆಗುತ್ತಿದ್ದುದರಿಂದ ವೈದ್ಯವಿದ್ಯಾರ್ಥಿಗಳಿಗೆ ಸಸ್ಯಶಾಸ್ತ್ರವು ಅವಶ್ಯವಾದ ಪಾಠವಾಗಿದ್ದಿತು. ಜಾನ್ ಹೋಪ್ ಎಂಬ ಪ್ರಸಿದ್ಧ ಸಸ್ಯಶಾಸ್ತ್ರಜ್ಞನ ಬಳಿಯಲ್ಲಿ ಈತನು ಆ ವಿದ್ಯೆಯನ್ನು ಕಲಿತನು. ಒಂದು ಎಲೆಯನ್ನು ಕಂಡರೆ ಅದರ ಅಂಚು, ನರ, ತೊಟ್ಟು, ಹೂವು, ಬೀಜ ಇವೆಲ್ಲವನ್ನೂ ಒಂದೊಂದಾಗಿ ನೋಡಿ ಬರೆದುಕೊಳ್ಳುವ ಅಭ್ಯಾಸವು ಅಂದು ಮೊದಲ್ಗೊಂಡಿತು. ಮುಂದೆ ಈತನು ಮನುಷ್ಯರನ್ನೂ ಊರುಗಳನ್ನೂ ಗುಡಿಗಳನ್ನೂ ನೋಡಿದುದು ಇದೇ ಕಣ್ಣಿನಿಂದ.

ಕೆಲವು ವರ್ಷಗಳ ಕಾಲ ಹಡಗುಗಳಲ್ಲಿ ವೈದ್ಯನಾಗಿ ಸಮುದ್ರ ಸಂಚಾರ ಮಾಡಿದ ತರುವಾಯ ಬುಕಾನನನು 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಶಾಖೆಯನ್ನು ಸೇರಿದನು. ದಂಡಿನ ಸಿಪಾಯಿಗಳನ್ನೂ ಠಾಣೆಯ ಅಧಿಕಾರಿಗಳನ್ನೂ ನೋಡಿಕೊಳ್ಳುವುದು ಆ ಶಾಖೆಯ ಶಸ್ತ್ರವೈದ್ಯರ ಕೆಲಸ. ಆದರೆ ಮರುವರ್ಷವೇ, ಎಂದರೆ 1795ರಲ್ಲಿ, ಬರ್ಮಾ ದೇಶದ ಆವಾ ಆಸ್ಥಾನಕ್ಕೆ ಹೊರಟ ಕ್ಯಾಪ್ಟನ್ ಸೈಮ್ಸ್ ಎಂಬುವನ ರಾಯಭಾರದೊಡನೆ ಈತನು ವೈದ್ಯನಾಗಿ ಹೋಗುವ ಪ್ರಸಂಗವು ಒದಗಿತು. ಅಲ್ಲಿ ಈತನ ಚಿತ್ತವು ಔಷಧಪೆಟ್ಟಿಗೆಗಿಂತ ಹೆಚ್ಚಾಗಿ ಆ ದೇಶದ ಮತಾಚಾರಗಳ ಮೇಲೂ ಗ್ರಂಥಗಳ ಮೇಲೂ ಹರಿಯಿತು. ಬರ್ಮೀಯರ ಮತ ಮತ್ತು ಸಾಹಿತ್ಯಗಳನ್ನು ಕುರಿತು ಈತನು ಬರೆದ ಲೇಖನವು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಪುಟದಲ್ಲಿ 1799ರಲ್ಲಿ ಪ್ರಕಟವಾಯಿತು. 1798ರಲ್ಲಿ ಚಿತ್ತಗಾಂಗ್ ಸೀಮೆಯ ಕಾಡುಮೇಡುಗಳನ್ನು ಸುತ್ತಿ, ಸಂಬಾರ ಪದಾರ್ಥಗಳನ್ನು ಬೆಳೆಯಲು ತಕ್ಕ ಸ್ಥಳಗಳನ್ನು ಅರಸಿಬಂದನು. ಹೀಗೆ ವೈದ್ಯವೃತ್ತಿಯಲ್ಲಿದ್ದುಕೊಂಡೇ ಈತನು ಸಂಗ್ರಾಹಕನಾದನು.

ಅಷ್ಟರಲ್ಲಿ ಮೈಸೂರು ಸೀಮೆಯಲ್ಲಿ ಮಹತ್ತರವಾದ ರಾಜ್ಯವಿಪ್ಲವವು ನಡೆದಿದ್ದಿತು. 1799ನೆಯ ಇಸವಿ ಮೇ 4ರಂದು ಶ್ರೀರಂಗಪಟ್ಟಣವು ಆಂಗ್ಲರ ವಶವಾಗಿ ಟೀಪೂ ಸುಲ್ತಾನನು ಮಡಿದನು. ಐದು ವರ್ಷದ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಜೂನ್ 30ರಂದು ಪಟ್ಟವಾಯಿತು, ಪೂರ್ಣಯ್ಯನವರು ದಿವಾನರಾದರು. ರಾಜ್ಯದ ಕೆಲವು ಭಾಗಗಳು ಕಂಪನಿಗೂ ನಿಜಾಮನಿಗೂ ಸೇರಿದುವು. ಹೊಸದಾಗಿ ಕೈಗೆ ಬಂದ ನಾಡು ಎಂತಹುದು, ಅದರಲ್ಲಿ ಏನು ಬೆಳೆಯುವುದು, ಯಾರು ಏನು ಕಸುಬನ್ನು ಮಾಡುವರು, ಯಾವ ಸರಕು ಎಲ್ಲಿಂದ ಎಲ್ಲಿಗೆ ಹೋಗುವುದು ಎಂಬುದನ್ನು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿಯು ಡಾಕ್ಟರ್ ಬುಕಾನನನನ್ನು ನೇಮಿಸಿದನು. ಬೇಸಾಯ, ಕಲೆಕಸುಬು, ವ್ಯಾಪಾರ, ಮತಾಚಾರ, ನಡೆನುಡಿ, ಪ್ರಕೃತಿವೃತ್ತಾಂತ, ರಾಜ್ಯವೃತ್ತಾಂತ, ಪ್ರಾಚೀನಾವಶೇಷ ಇವಿಷ್ಟನ್ನೂ ವಿಚಾರಿಸಬೇಕೆಂಬುದು ಈತನಿಗೆ ಕೊಟ್ಟ ಅಪ್ಪಣೆ. ಈ ಅಪ್ಪಣೆಯಲ್ಲಿ ಜ್ಞಾನಾಪೇಕ್ಷೆಯೂ ಇದ್ದಿತು, ರಾಜ್ಯಲೋಭವೂ ಇದ್ದಿತು. ಗೆದ್ದವನು ಗೆದ್ದ ಸೊತ್ತನ್ನು ಲೆಕ್ಕಹಾಕಿಸುವಂತೆ ಕಂಪನಿಯು ಈ ನಾಡನ್ನು ಲೆಕ್ಕಹಾಕಿಸಿತೆಂಬುದನ್ನು ಮರೆಯಲಾಗದು.

1800ನೆಯ ಇಸವಿ ಏಪ್ರಿಲ್ 23ರಂದು ಬುಕಾನನನು ಮದರಾಸಿನಿಂದ ಹೊರಟನು. ಘಟ್ಟವನ್ನು ಹತ್ತಿ, ಬೆಂಗಳೂರನ್ನು ಹಾದು, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವನ್ನು ಸೇರಿದನು. ಯುದ್ಧದ ಗಾಯಗಳು ಇನ್ನೂ ಮಾಗಿರಲಿಲ್ಲ. ದಂಡುಗಳು ತುಳಿದ ದಾರಿಯಲ್ಲಿ ಎಷ್ಟೋ ಗ್ರಾಮಗಳು ಹಾಳುಬಿದ್ದಿದ್ದುವು. ಅಲ್ಲಿಂದ ಉತ್ತರದ ಪ್ರಾಂತಗಳನ್ನು ಸುತ್ತಿ ಮತ್ತೆ ಶ್ರೀರಂಗಪಟ್ಟಣಕ್ಕೆ ಬಂದು, ಆ ವರ್ಷದ ಮಳೆಗಾಲವು ಮುಗಿಯುತ್ತ ಬರುವಾಗ ಕಾವೇರಿಯ ದಕ್ಷಿಣದ ಸೀಮೆಯನ್ನು ನೋಡಲು ತೆರಳಿದನು. ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಹಂಪಾಪುರ ಇವುಗಳನ್ನು ದಾಟಿ ಕಪಿಲೆಯ ಜಾಡನ್ನು ಹಿಡಿದು ನಂಜನಗೂಡಿಗೂ, ಅಲ್ಲಿಂದ ತಾಯೂರಿನ ಮೇಲೆ ನರಸೀಪುರಕ್ಕೂ ಬಂದನು. ಆತನು ಕಿವಿಗೆ ಬಿದ್ದಂತೆ ಬರೆದುಕೊಂಡ ಹೆಸರುಗಳಲ್ಲಿ ನಂಜನಗೂಡು ‘ನಂಜಿನಗೋಡು’ ಎಂದಾಗಿದೆ, ನರಸೀಪುರವು ‘ನರಸಿಂಘಪುರ’ವೆಂದಾಗಿದೆ.

ಆತನು ಕಂಡ ನಂಜನಗೂಡು ಇಂದಿನ ಭಕ್ತರು ಕಾಣುವ ನಂಜನಗೂಡೇ ಆಗಿದ್ದರೂ ಕೆಲವಂಶಗಳಲ್ಲಿ ಬೇರೆಯಾಗಿದ್ದಿತು. ಉದ್ದದಲ್ಲಿ ಸುಮಾರು 385 ಅಡಿ, ಅಗಲದಲ್ಲಿ 160 ಅಡಿ, 147 ಕಂಬಗಳ ಮೇಲೆ ನಿಂತಿರುವ ಈ ಮಹಾದೇವಾಲಯಕ್ಕೆ ಇಂದು ದೂರದಿಂದಲೇ ಗುರುತಾಗಿರುವ ರಾಜಗೋಪುರವು ಆಗ ಇರಲಿಲ್ಲ. ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1845ರಲ್ಲಿ, ಏರಿದುದು. ಕಪಿಲೆಯ ಮೇಲೆ ದಳವಾಯಿ ದೇವರಾಜಯ್ಯನು ಹದಿನೆಂಟನೆಯ ಶತಮಾನದಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆಯಾದರೋ ಆಗಲೇ ಇದ್ದಿತು. ನಂಜನ್ನುಂಡ ದೇವನು ವೈದ್ಯರ ದೇವನೆಂಬ ನಂಬಿಕೆಯು ಈ ಸೀಮೆಯಲ್ಲಿ ಬಹಳ ಹಿಂದಿನದು. ರೋಗಾರ್ತರು ಕಪಿಲೆಯಲ್ಲಿ ಮಿಂದು ಉರುಳುಸೇವೆಯನ್ನು ಸಲ್ಲಿಸುವರು. ಟೀಪೂ ಸುಲ್ತಾನನು ತನ್ನ ಪಟ್ಟದಾನೆಯ ಕಣ್ಣುಬೇನೆಯು ಇಲ್ಲಿಯ ಹರಕೆಯಿಂದ ವಾಸಿಯಾಯಿತೆಂದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂದೂ, ದೇವನನ್ನು ಹಕೀಮ್ ನಂಜುಂಡನೆಂದು ಕರೆದನೆಂದೂ ಜನಜನಿತವಾದ ಐತಿಹ್ಯವುಂಟು. ಅಂತಹ ವೈದ್ಯನಾಥನ ಕ್ಷೇತ್ರಕ್ಕೆ ಪರದೇಶದ ವೈದ್ಯನೊಬ್ಬನು ಲೇಖನಿಯನ್ನು ಹಿಡಿದು ಬಂದುದು ಕಾಲದ ವೈಚಿತ್ರ್ಯವೆನ್ನಬೇಕು.

ನರಸೀಪುರದಲ್ಲಿ ಕಪಿಲೆ ಕಾವೇರಿಗಳು ಕೂಡುವ ಎಡೆಯಲ್ಲಿ ಒಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿಯೂ, ಎದುರಿನ ತಿರುಮಕೂಡಲಿನಲ್ಲಿ ಅಗಸ್ತ್ಯೇಶ್ವರನೂ ನೆಲಸಿರುವರು. ಪ್ರಾಚೀನಾವಶೇಷಗಳನ್ನು ಹುಡುಕುವುದು ಬುಕಾನನನಿಗೆ ವಿಧಿಸಿದ ಕಾರ್ಯಗಳಲ್ಲೊಂದಾಗಿದ್ದಿತಷ್ಟೆ. ಆದರೆ ಈ ಸಂಗಮದ ಮಣ್ಣಿನಡಿಯಲ್ಲಿ ಅಡಗಿದ್ದ ಅತ್ಯಂತ ಪುರಾತನವಾದ ಬಾಳು ಆತನ ಕಣ್ಣಿಗಾಗಲಿ, ಆ ಕಾಲದ ಬೇರಾವ ವಿದ್ವಾಂಸನ ಊಹೆಗಾಗಲಿ ನಿಲುಕುವಂತಿರಲಿಲ್ಲ. 1959-60ರಲ್ಲಿ ಆರಂಭವಾಗಿ ಡಾಕ್ಟರ್ ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ನಡೆದ ಉತ್ಖನನದಿಂದ ಇಲ್ಲಿ ನೂತನ ಶಿಲಾಯುಗದ ಜನರು ವಾಸವಾಗಿದ್ದರೆಂಬುದು ಸ್ಪಷ್ಟವಾಯಿತು. ಅರೆದು ನಯಮಾಡಿದ ಕಲ್ಲಿನ ಕೊಡಲಿಗಳನ್ನು ಹಿಡಿದು, ಮಣ್ಣಿನ ಮಡಕೆಗಳನ್ನು ಮಾಡಿ, ಸತ್ತವರನ್ನು ಮಣ್ಣಿನಲ್ಲಿ ಹೂಳಿ ಬಾಳಿದ ಆ ಜನರ ಹೆಸರುಗಳು ಯಾರಿಗೂ ತಿಳಿಯವು. ಹಾಗೆಯೇ ಈ ಎರಡು ತಾಲ್ಲೂಕುಗಳ ಶಿಲಾಶಾಸನಗಳೂ ಓದುವವರಿಲ್ಲದೆ ಹೊಲಗದ್ದೆಗಳಲ್ಲಿ ನಿಂತಿದ್ದುವು. ಬಿ. ಎಲ್. ರೈಸ್ ಅವರು ಅವನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟದಲ್ಲಿ ಅಚ್ಚುಹಾಕಿಸಿದುದು 1894ರಲ್ಲಿ, ಎಂದರೆ ಬುಕಾನನನು ಹಾದುಹೋದ ತೊಂಬತ್ತನಾಲ್ಕು ವರ್ಷಗಳ ಮೇಲೆ.

ಹಾಗಾದರೆ ಬುಕಾನನನು ಈ ಸೀಮೆಯಿಂದ ಸಂಗ್ರಹಿಸಿದುದೇನು? ಬೆಳಿಗ್ಗೆ ಎದ್ದು ಹಾದಿನಡೆದು, ಬೀಡುಬಿಟ್ಟ ಊರಿನಲ್ಲಿ ಒಕ್ಕಲಿಗರನ್ನೂ ವರ್ತಕರನ್ನೂ ಕುಶಲಕರ್ಮಿಗಳನ್ನೂ ಕರೆಯಿಸಿ ಕೇಳುವುದು ಆತನ ಕ್ರಮ. ಎರೆಭೂಮಿ ಕೆಬ್ಬೆಭೂಮಿಗಳ ಭೇದ. ಹೈನು ಕಾರು ಎಂಬ ಎರಡು ಬೆಳೆಗಳ ಕಾಲ. ಬತ್ತವನ್ನು ಒಣಬಿತ್ತನೆಯಾಗಿಯೂ ಮೊಳೆಬಿತ್ತನೆಯಾಗಿಯೂ ನಾಟಿಯಾಗಿಯೂ ಹಾಕುವ ಮೂರು ರೀತಿ. ಒಂದು ಖಂಡುಗ ಬೀಜದ ಭೂಮಿಗೆ ಬರುವ ಹುಟ್ಟುವಳಿ. ಅದರಲ್ಲಿ ಅರಮನೆಗೆ ಎಷ್ಟು, ಒಕ್ಕಲಿಗೆ ಎಷ್ಟು, ತಳವಾರ ತೋಟಿ ಮುಂತಾದ ಆಯಗಾರರಿಗೆ ಎಷ್ಟು. ಆಳಿಗೆ ಕೂಲಿ ಏನು. ಇವೆಲ್ಲವನ್ನೂ ಆತನು ಬರೆದುಕೊಂಡನು. ಕುಂಟೆ ಕೂರಿಗೆ ನೇಗಿಲುಗಳ ಚಿತ್ರಗಳನ್ನು ಬರೆಯಿಸಿದನು. ನೇಯುವವನು ನೂಲಿಗೆ ಗಂಜಿಯನ್ನು ಹೇಗೆ ಹಾಕುವನು, ಬಣ್ಣಗಾರನು ಯಾವ ಬೇರಿನಿಂದ ಕೆಂಪನ್ನು ತೆಗೆಯುವನು, ಗಾಣಿಗನು ಎಷ್ಟು ಎಳ್ಳಿಗೆ ಎಷ್ಟು ಎಣ್ಣೆಯನ್ನು ಪಡೆಯುವನು, ಕಬ್ಬಿಣದ ಅದಿರನ್ನು ಕರಗಿಸುವವರ ಕುಲುಮೆಯು ಹೇಗಿರುವುದು ಎಂಬಂತಹ ಸಂಗತಿಗಳು ಆತನ ಗ್ರಂಥದಲ್ಲಿ ತುಂಬಿವೆ. ಅರಮನೆಯ ಬಖೈರುಗಳಲ್ಲಿ ದಂಡಯಾತ್ರೆಯ ವಿವರವಿರುವುದು. ಗಾಣಿಗನ ಗಾಣವು ಅಲ್ಲಿ ದೊರೆಯದು. ಇನ್ನೂರು ವರ್ಷಗಳ ಹಿಂದೆ ಈ ನಾಡಿನ ಸಾಮಾನ್ಯರು ಹೇಗೆ ದುಡಿದು ಹೇಗೆ ಉಂಡರೆಂಬುದನ್ನು ತಿಳಿಯಬೇಕಾದರೆ ಇಂದಿಗೂ ಈ ವೈದ್ಯನ ದಿನಚರಿಯನ್ನೇ ಬಿಚ್ಚಬೇಕಾಗಿದೆ.

ಕಾಯಕವನ್ನು ಪೂಜೆಗೆ ಸಮನೆಂದು ಸಾರಿದ ಶರಣರ ಸಂಪ್ರದಾಯದಲ್ಲಿ ಬೆಳೆದವರಿಗೆ ಈ ಗ್ರಂಥವು ಎರಡು ಬಗೆಯ ಭಾವವನ್ನು ಹುಟ್ಟಿಸುವುದು. ಯಾವ ಕಸುಬನ್ನೂ ಕೀಳೆಂದು ಬಿಡದೆ ಎಲ್ಲವನ್ನೂ ಸಮಾನವಾದ ಶ್ರದ್ಧೆಯಿಂದ ಬರೆದನೆಂಬುದು ಸಂತೋಷವನ್ನುಂಟುಮಾಡುವುದು. ಆದರೆ ಆ ಕಸುಬನ್ನು ಮಾಡಿದವರು ಯಾರು? ಪಂಡಿತರ, ಮಠಾಧಿಪತಿಗಳ, ಅಧಿಕಾರಿಗಳ ಹೆಸರುಗಳು ಅಲ್ಲಲ್ಲಿ ಬರುವುವು. ಹೊಲದ ಬದುವಿನಲ್ಲಿ ನಿಂತು ಲೆಕ್ಕವನ್ನೊಪ್ಪಿಸಿದ ಒಕ್ಕಲಿಗನ ಹೆಸರು, ಮಗ್ಗದ ಗುಂಡಿಯಿಂದೆದ್ದು ಬಂದು ಉತ್ತರಕೊಟ್ಟ ನೇಕಾರನ ಹೆಸರು ಬಹುಮಟ್ಟಿಗೆ ಇಲ್ಲವೇ ಇಲ್ಲ. ‘ಈ ಊರಿನ ರೈತರು ಹೇಳುವರು’ ಎಂಬಲ್ಲಿಗೆ ಮುಗಿಯಿತು. ಹೊಸ ಸರಕಾರದ ಸಾಹೇಬನು ಬೆಳೆಯ ಲೆಕ್ಕವನ್ನು ಕೇಳಿದಾಗ, ಕಂದಾಯವು ಏರೀತೆಂಬ ಭಯದಿಂದ ಜನರು ನಿಜವನ್ನು ಮರೆಮಾಚಿದುದೂ ಉಂಟು. ಹಾಗೆಂದು ಆತನೇ ಶಂಕಿಸಿರುವನು. ಕೇಳುವವನಿಗೂ ಹೇಳುವವನಿಗೂ ನಡುವೆ ದುಭಾಷಿ ಒಬ್ಬನು, ಭಯವೊಂದು ನಿಂತಿದ್ದುವು.

ವೀರಶೈವರ ವಿಷಯವಾಗಿ ಆತನು ಬರೆದುದರಲ್ಲಿಯೂ ಈ ಗುಣದೋಷಗಳೆರಡೂ ಕಾಣುವುವು. ಪಂಚಮ ಬಣಜಿಗರು ಬಲಗೈ ಪಂಗಡದಲ್ಲಿ ಪ್ರಮುಖರೆಂದೂ, ಅಂಗದ ಮೇಲೆ ಲಿಂಗವನ್ನು ಧರಿಸುವರೆಂದೂ, ಮಾಂಸವನ್ನು ಮುಟ್ಟರೆಂದೂ, ಶವವನ್ನು ಸುಡದೆ ಸಮಾಧಿಮಾಡುವರೆಂದೂ, ಜಂಗಮರನ್ನು ಗುರುಗಳೆಂದು ಮನ್ನಿಸುವರೆಂದೂ ಆತನು ಬರೆದಿರುವನು. ಇವು ಹೊರಗಿನಿಂದ ನೋಡಿದವನಿಗೆ ಕಾಣತಕ್ಕ ಚಿಹ್ನೆಗಳು. ಇಷ್ಟಲಿಂಗವು ಅಂಗೈಯಲ್ಲಿ ಏಕೆ ಬಂದಿತು, ದಾಸೋಹವೆಂದರೇನು, ಮಠದಲ್ಲಿ ಅನ್ನವೂ ಅಕ್ಷರವೂ ಏಕೆ ಜೊತೆಯಾಗಿ ನಡೆಯುವುವು ಎಂಬ ಒಳಗಿನ ಅರ್ಥವು ಒಂದೆರಡು ದಿನ ಬೀಡುಬಿಟ್ಟು ಹೋಗುವವನಿಗೆ ದೊರೆಯುವಂತಹುದಲ್ಲ. ಪುರಾಣ ಸ್ಥಳಮಾಹಾತ್ಮ್ಯಗಳನ್ನಂತೂ ಆತನು ಕಟ್ಟುಕಥೆಗಳೆಂದು ಬಹಳ ಕಡೆ ತಳ್ಳಿಹಾಕಿರುವನು. ವೈದ್ಯನು ದೇಹದ ಲಕ್ಷಣಗಳನ್ನು ಎಣಿಸಬಲ್ಲನು. ಪ್ರಾಣದ ಲಕ್ಷಣವು ಬೇರೆ.

ನರಸೀಪುರದಿಂದ ಮಾಲಂಗಿ ಸತ್ತೇಗಾಲಗಳ ಮೇಲೆ ಕೊಯಮತ್ತೂರಿಗೂ, ಅಲ್ಲಿಂದ ಮಲಬಾರಿಗೂ ಇಳಿದು, ಕಡಲ ಕರೆಯಲ್ಲಿ ಕನ್ನಡ ಜಿಲ್ಲೆಯನ್ನು ದಾಟಿ, ಘಟ್ಟವನ್ನು ಮತ್ತೆ ಹತ್ತಿ, ಬನವಾಸಿ ಇಕ್ಕೇರಿ ನಗರಗಳನ್ನು ಕಂಡು, ಚಿತ್ರದುರ್ಗದ ಸೀಮೆಯನ್ನು ಹಾದು ಬುಕಾನನನು 1801ನೆಯ ಇಸವಿ ಜುಲೈ ತಿಂಗಳಲ್ಲಿ ಮದರಾಸಿಗೆ ಹಿಂದಿರುಗಿದನು. ಈ ದಾರಿಯಲ್ಲಿ ಶಿಲಾಶಾಸನಗಳ ನಕಲುಗಳನ್ನು ಮಾಡಿಸಿದನು. ರಾಜವಂಶಾವಳಿಗಳನ್ನು ಕೇಳಿ ಬರೆದನು. ಗಿಡಮೂಲಿಕೆಗಳನ್ನು ಒಣಗಿಸಿ ಕಟ್ಟಿದನು. ಜೈನರನ್ನು ಕುರಿತು ಆತನು ಬರೆದುಕೊಂಡ ವಿಷಯಗಳು ಏಷ್ಯಾಟಿಕ್ ಸೊಸೈಟಿಯ ಒಂಬತ್ತನೆಯ ಸಂಪುಟದಲ್ಲಿ ಬೆಳಕಿಗೆ ಬಂದುವು. ಪ್ರವಾಸದ ದಿನಚರಿಯು 1807ರಲ್ಲಿ ಲಂಡನ್ನಿನಲ್ಲಿ ಮೂರು ದೊಡ್ಡ ಸಂಪುಟಗಳಾಗಿ ಅಚ್ಚಾಯಿತು. ಅದನ್ನು ವಿಷಯಾನುಕ್ರಮವಾಗಿ ತಿದ್ದಿ ಬರೆಯಲು ಅವಕಾಶವಾಗಲಿಲ್ಲವಾಗಿ ದಿನದಿನದ ಟಿಪ್ಪಣಿಗಳು ಇದ್ದಂತೆಯೇ ಉಳಿದುವು. ಓದುವವರಿಗೆ ಇದು ತುಸು ಶ್ರಮಕರವಾದರೂ, ಕಂಡ ದಿನವೇ ಬರೆದುದೆಂಬ ಕಾರಣದಿಂದ ಅದಕ್ಕೆ ಹೆಚ್ಚಿನ ಬೆಲೆಯಿದೆ.

ಇದೇ ಕಾಲದಲ್ಲಿ ಇದೇ ಸೀಮೆಯನ್ನು ಅಳೆಯುತ್ತಿದ್ದ ಇನ್ನೊಬ್ಬ ಸಂಗ್ರಾಹಕನು ಕರ್ನಲ್ ಕಾಲಿನ್ ಮೆಕೆಂಜಿ. ಆತನು ವೃತ್ತಿಯಿಂದ ದಂಡಿನ ಎಂಜಿನಿಯರ್. ಕಾವಲಿ ಬೊರಯ್ಯ, ಲಕ್ಷ್ಮಯ್ಯ ಎಂಬ ಸೋದರರೇ ಮೊದಲಾದ ದೇಶೀಯ ವಿದ್ವಾಂಸರು ಆತನಿಗೆ ಕಣ್ಣೂ ಕಿವಿಯೂ ಆಗಿದ್ದರು. 1804ರಲ್ಲಿ ಚಾಮರಾಜನಗರದ ಬಳಿಯ ಕನಕಗಿರಿಯಲ್ಲಿ ದೇವಚಂದ್ರನೆಂಬ ಜೈನ ಪಂಡಿತನು ಮೆಕೆಂಜಿಯ ಪರಿವಾರವನ್ನು ಸಂಧಿಸಿ ಪೂರ್ವಕಥೆಗಳನ್ನು ಹೇಳಿದನು. ಮುಂದೆ ‘ರಾಜಾವಳಿ ಕಥೆ’ಯನ್ನು ರಚಿಸಿದವನು ಈತನೇ. ಬುಕಾನನನ ಜೈನವಿಷಯಕ ಟಿಪ್ಪಣಿಯು ಅಚ್ಚಾದ ಆ ಸಂಪುಟದಲ್ಲಿಯೇ ಬೊರಯ್ಯನು ಭಾಷಾಂತರಿಸಿದ ವೃತ್ತಾಂತವು ಬೊರಯ್ಯನ ಹೆಸರಿನೊಡನೆ ಅಚ್ಚಾಗಿರುವುದು. ಮೆಕೆಂಜಿಯ ಸಂಗ್ರಹದಿಂದ ನಾಡಿನ ಓಲೆಗರಿಗಳು ದೂರದೇಶಗಳಿಗೆ ಹೋದುವೆಂಬುದು ನಿಜ. ಆದರೆ ಹೇಳಿದವರ, ಬರೆದವರ ಹೆಸರುಗಳಲ್ಲಿ ಹಲವು ಉಳಿದುವೆಂಬುದೂ ನಿಜ.

ಬುಕಾನನನ ಮುಂದಿನ ಜೀವನವೆಲ್ಲವೂ ಇದೇ ವ್ರತದಲ್ಲಿ ಕಳೆಯಿತು. 1802-03ರಲ್ಲಿ ನೇಪಾಳದಲ್ಲಿದ್ದನು. ಕೆಲವು ಕಾಲ ವೆಲ್ಲೆಸ್ಲಿಯ ಸ್ವಂತ ವೈದ್ಯನಾಗಿದ್ದು 1805ರಲ್ಲಿ ಆತನೊಡನೆ ಸ್ವದೇಶಕ್ಕೆ ಹೋಗಿಬಂದನು. 1807ರಿಂದ 1814ರ ವರೆಗೆ ಏಳು ವರ್ಷಗಳ ಕಾಲ ದಿನಾಜಪುರ, ರಂಗಪುರ, ಪೂರ್ಣಿಯಾ, ಭಾಗಲ್ಪುರ, ಪಾಟ್ನಾ, ಗಯಾ, ಶಾಹಾಬಾದ್, ಗೋರಖಪುರ ಸೀಮೆಗಳನ್ನು ಊರೂರಾಗಿ ಸುತ್ತಿ ವರದಿಗಳನ್ನು ಬರೆದನು. ಬೋಧಗಯೆಯ ಅವಶೇಷಗಳನ್ನು ವರ್ಣಿಸಿದನು. ಬಡಗಾಂವ್ ಎಂಬ ಹಳ್ಳಿಯ ಇಟ್ಟಿಗೆಯ ದಿಬ್ಬಗಳನ್ನು ಕುರಿತು ಬರೆದನು. ಅದೇ ಪ್ರಾಚೀನ ನಾಲಂದಾ ಮಹಾವಿಹಾರವೆಂಬುದನ್ನು ಅರ್ಧ ಶತಮಾನದ ತರುವಾಯ ಕನ್ನಿಂಗ್‌ಹ್ಯಾಮ್ ನಿರ್ಣಯಿಸಿದನು. ಬಂಗಾಳದ ಪಹಾಡಪುರದ ದೊಡ್ಡ ದಿಬ್ಬವನ್ನು ಬುಕಾನನನು ಗುರುತಿಸಿ ಬರೆದನು. ಮುಂದೆ ಅಲ್ಲಿ ಸೋಮಪುರ ಮಹಾವಿಹಾರವು ಅಗೆದು ತೆಗೆಯಲ್ಪಟ್ಟಿತು. ದಂಡಿನ ವೈದ್ಯನಾಗಿ ಬಂದವನು ಹೀಗೆ ಆರ್ಯಾವರ್ತದ ಪ್ರಾಚೀನ ಸ್ಥಳಗಳಿಗೆ ಮೊದಲ ಕೈಮರವನ್ನು ನೆಟ್ಟನು.

1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಅಧಿಕಾರವು ಈತನಿಗೆ ದೊರೆಯಿತು. ಆಗಲೇ ದೇಹವು ಬಳಲಿದ್ದಿತು. 1815ರಲ್ಲಿ ಸ್ವದೇಶಕ್ಕೆ ಹೊರಟಾಗ, ವರ್ಷಗಟ್ಟಲೆ ಚಿತ್ರಗಾರರಿಂದ ಬರೆಯಿಸಿದ ಗಿಡ, ಮೀನು, ಪಕ್ಷಿ, ಪ್ರಾಣಿಗಳ ಚಿತ್ರಗಳನ್ನು ಜೊತೆಯಲ್ಲಿ ಒಯ್ಯಬೇಕೆಂದಿದ್ದನು. ಅವು ಸರಕಾರದ ಸೊತ್ತೆಂದು ಹೇಳಿ ಗವರ್ನರ್ ಜನರಲ್ ಹೇಸ್ಟಿಂಗ್ಸನು ತಡೆದನು. ಚಿತ್ರಗಳು ಕಲ್ಕತ್ತೆಯಲ್ಲಿಯೇ ಉಳಿದುವು. ಗಂಗಾನದಿಯ ಮೀನುಗಳನ್ನು ಕುರಿತು 1822ರಲ್ಲಿ ಹೊರತಂದ ಗ್ರಂಥದಲ್ಲಿ ಈತನು ಈ ಅನ್ಯಾಯವನ್ನು ನೋವಿನಿಂದ ನೆನೆದಿರುವನು. ಊರೂರಿನಿಂದ ವಿಷಯಗಳನ್ನು ಕೂಡಿಸಿ ಕಂಪನಿಯ ಭಂಡಾರಕ್ಕೆ ಒಪ್ಪಿಸಿದವನು, ತಾನು ಒಲಿದು ಕೂಡಿಸಿದುದು ಅದೇ ಭಂಡಾರದ ಪಾಲಾದಾಗ ಮಾತ್ರ, ಕೊಟ್ಟವರ ನೋವನ್ನು ಅರಿತನೆಂದು ತೋರುವುದು.

ಅಣ್ಣಂದಿರು ಗತಿಸಿದುದರಿಂದ ಮನೆತನದ ಲೆನಿ ಎಂಬ ಆಸ್ತಿಯು ಈತನಿಗೇ ಬಂದಿತು. ಆ ನಿಮಿತ್ತವಾಗಿ 1818ರಲ್ಲಿ ತಾಯಿಯ ಕಡೆಯ ಹೆಸರಾದ ಹ್ಯಾಮಿಲ್ಟನ್ ಎಂಬುದನ್ನು ಧರಿಸಿದನು. 1829ನೆಯ ಇಸವಿ ಜೂನ್ 15ರಂದು ಕಾಲವಾದನು. ಪೂರ್ವದೇಶದ ಏಳು ವರ್ಷಗಳ ವರದಿಗಳಾದರೋ ಲಂಡನ್ನಿನ ಕಂಪನಿಯ ಕಚೇರಿಯಲ್ಲಿ ಧೂಳು ಹಿಡಿದು ಬಿದ್ದಿದ್ದುವು. 1838ರಲ್ಲಿ ಮಾಂಟ್‌ಗೊಮರಿ ಮಾರ್ಟಿನ್ ಎಂಬುವನು ಅವನ್ನು ಮೊಟಕುಮಾಡಿ ಮೂರು ಸಂಪುಟಗಳಾಗಿ ಪ್ರಕಟಿಸಿದನು. ಮುಖಪುಟದಲ್ಲಿ ಮಾರ್ಟಿನ್ನನ ಹೆಸರಿದ್ದಿತು, ಬುಕಾನನನ ಹೆಸರಿರಲಿಲ್ಲ. ಹಾದಿ ನಡೆದವನು ಒಬ್ಬನು, ಹೆಸರು ಮತ್ತೊಬ್ಬನದು! ಬಿಹಾರ ಪ್ರಾಂತದ ವಿದ್ವತ್ಸಂಘದವರು 1920ರ ದಶಕದಲ್ಲಿ ಮೂಲ ದಿನಚರಿಗಳನ್ನು ಆತನ ಹೆಸರಿನಲ್ಲಿಯೇ ಅಚ್ಚುಹಾಕಿಸಿದಾಗ, ಸುಮಾರು ನೂರು ವರ್ಷಗಳ ಋಣವು ತೀರಿತು. ಈ ನಡುವೆ ಆತನ ಹೆಸರನ್ನು ಲೋಪವಿಲ್ಲದೆ ಉಳಿಸಿದವು ಗಿಡಗಳೂ ಮೀನುಗಳೂ ಮಾತ್ರ. ಶಾಸ್ತ್ರಜ್ಞರು ಒಂದು ಜೀವಿಯನ್ನು ಮೊದಲು ವರ್ಣಿಸಿದವನ ಹೆಸರನ್ನು ಆ ಜೀವಿಯ ಹೆಸರಿನ ಮುಂದೆ ಬರೆಯುವ ನಿಯಮವುಂಟು. ಮೈಸೂರು ಪ್ರವಾಸಗ್ರಂಥದಲ್ಲಿ ವರ್ಣಿತವಾದ ಕೆಲವು ಮೀನುಗಳಿಗೆ ಇಂದಿಗೂ ಹ್ಯಾಮಿಲ್ಟನ್, 1807 ಎಂದು ಬರೆಯುವರು.

ಈ ಚರಿತ್ರೆಯನ್ನು ಓದಿದವರಿಗೆ ಒಂದು ವಿಚಾರವು ಸಹಜವಾಗಿಯೇ ಹೊಳೆಯುವುದು. ಕಾಯಕವನ್ನು ಬರೆದು ಕಾಯಕ ಮಾಡಿದವರ ಹೆಸರನ್ನು ಬರೆಯದೆ ಬಿಟ್ಟವನ ಹೆಸರನ್ನೂ ಕಾಲವು ಹಾಗೆಯೇ ಬಿಟ್ಟಿತು. ಇದಕ್ಕೆ ಎದುರಾಗಿ ಹನ್ನೆರಡನೆಯ ಶತಮಾನದ ಶರಣಸಂಪ್ರದಾಯವನ್ನು ನೋಡಬೇಕು. ಹಗ್ಗವನ್ನು ಹೊಸೆದವನು ನುಲಿಯ ಚಂದಯ್ಯನು. ದೋಣಿಯನ್ನು ನಡೆಸಿದವನು ಅಂಬಿಗರ ಚೌಡಯ್ಯನು. ಬಿದಿರನ್ನು ಸೀಳಿದವನು ಮೇದಾರ ಕೇತಯ್ಯನು. ಬಟ್ಟೆಯನ್ನು ಮಡಿಮಾಡಿದವನು ಮಡಿವಾಳ ಮಾಚಯ್ಯನು. ಚೆಲ್ಲಿದ ಅಕ್ಕಿಯನ್ನು ಆಯ್ದವರು ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು. ಇಲ್ಲಿ ಕಸುಬೂ ಹೆಸರೂ ಬೇರೆಯಾಗಲಿಲ್ಲ. ಕಸುಬೇ ಹೆಸರಿಗೆ ವಿಶೇಷಣವಾಗಿ, ಭೂಷಣವಾಗಿ ನಿಂತಿತು. ಎಂಟು ಶತಮಾನಗಳು ಕಳೆದರೂ ಆ ಹೆಸರುಗಳು ಭಕ್ತರ ನಾಲಗೆಯ ಮೇಲಿವೆ. ಅರಸರ ಬಿರುದಾವಳಿಗಳಲ್ಲಿ ಹೀಗೆ ಉಳಿದುವು ಎಷ್ಟು?

ಆದರೆ ಅವು ತಾವಾಗಿ ಉಳಿಯಲಿಲ್ಲ. ಮಠಗಳಲ್ಲಿ ಚರಮೂರ್ತಿಗಳೂ, ಮನೆಗಳಲ್ಲಿ ಗೃಹಸ್ಥರೂ ಓಲೆಗೆ ಓಲೆ ಪ್ರತಿಮಾಡಿ, ಗೆದ್ದಲಿನಿಂದಲೂ ಬೆಂಕಿಯಿಂದಲೂ ಕಾಪಾಡಿದುದರಿಂದ ಉಳಿದುವು. ಬಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಮಠಮಠವನ್ನೂ ಮನೆಮನೆಯನ್ನೂ ಸುತ್ತಿ ಆ ಓಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಅಚ್ಚುಹಾಕಿಸಿದರು. ಅವರೂ ಸಂಗ್ರಾಹಕರೇ, ಆದರೆ ನಾಡಿನಿಂದ ತೆಗೆದುದನ್ನು ನಾಡಿಗೇ ಹಿಂದಿರುಗಿಸಿದ ಸಂಗ್ರಾಹಕರು. ಸಂಗ್ರಹವು ಭಂಡಾರವಾದರೆ ಅದಕ್ಕೆ ಒಡೆಯನೊಬ್ಬನು ಹುಟ್ಟುವನು. ದಾಸೋಹವಾದರೆ ಅದು ಎಲ್ಲರದು. ಬುಕಾನನನ ಶ್ರಮಕ್ಕೂ ಹಳಕಟ್ಟಿಯವರ ಶ್ರಮಕ್ಕೂ ಇರುವ ಭೇದವು ಇದೊಂದೇ; ಆದರೆ ಇದು ಅಲ್ಪವಾದ ಭೇದವಲ್ಲ.

ಮಹೋತ್ಸವದ ಈ ಸುಸಮಯದಲ್ಲಿ ಭಕ್ತರು ತಮ್ಮ ಮನೆಯ ಅಟ್ಟವನ್ನು ಒಮ್ಮೆ ನೋಡಬೇಕು. ಅಲ್ಲಿ ಓಲೆಯ ಕಟ್ಟಿರಬಹುದು, ಹಳೆಯ ಕಡತವಿರಬಹುದು, ಅಜ್ಜನ ಕೈಯ ಲೆಕ್ಕದ ಪುಸ್ತಕವಿರಬಹುದು. ಅವನ್ನು ಹೊಳೆಗೆ ಬಿಡದೆ, ತೂಕಕ್ಕೆ ಮಾರದೆ, ಓದಬಲ್ಲವರ ಮುಂದೆ ಇಡಬೇಕು. ಮಠದ ಕಟ್ಟೆಯನ್ನು ಕಟ್ಟಿದ ಕಲ್ಲುಕುಟಿಗರ, ದಾಸೋಹಕ್ಕೆ ಸೌದೆ ಹೊತ್ತವರ, ಹೊಲದ ಮೊದಲ ಬೆಳೆಯನ್ನು ತಂದೊಪ್ಪಿಸಿದವರ ಹೆಸರುಗಳು ಹಿರಿಯರ ನೆನಪಿನಲ್ಲಿರುವಾಗಲೇ ಬರೆದಿಡಬೇಕು. ಎರಡು ಶತಮಾನಗಳ ಹಿಂದೆ ಕಪಿಲೆಯ ದಂಡೆಯಲ್ಲಿ ಪರದೇಶದ ವೈದ್ಯನ ಪ್ರಶ್ನೆಗಳಿಗೆ ಉತ್ತರಕೊಟ್ಟು ಹೆಸರಿಲ್ಲದೆ ಹೋದವರು ಈ ಭಕ್ತಸಮೂಹದ ಪೂರ್ವಿಕರೇ. ಅವರ ಹೆಸರುಗಳನ್ನು ಇನ್ನು ಯಾರೂ ಹಿಂದಕ್ಕೆ ತರಲಾರರು. ಇಂದಿರುವವರ ಹೆಸರುಗಳಿಗೆ ಆ ಗತಿಯು ಬಾರದಿರಲಿ. ಶ್ರೀಗುರುವಿನ ಕೃಪೆಯಿಂದ ಈ ಕಾರ್ಯವು ಸಕಲ ಸದ್ಭಕ್ತರಿಂದ ನೆರವೇರಲಿ.